ಕೇಳದೇ ಇದ್ರೂ ಡೈರೆಕ್ಟರಿಲಿ ಹೆಸರು ಹಾಕಿ ಬಿಲ್ ಕಳಿಸ್ತಾರೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಇಂಗ್ಲೆಂಡಲ್ಲಿ ಸಣ್ಣ ಅಂಗಡಿ, ಟಿಫಿನ್ ಹೋಟೆಲ್, ಡೆಂಟಲ್ ಕ್ಲಿನಿಕ್, ಒಬ್ಬರೇ ನಡೆಸೋ ಐಟಿ ಕಂಪನಿ, ಇಂಥವರ ಲೆಕ್ಕ ಬರ್ದು ಕೊಡೋ ಕೆಲಸ ಮಾಡ್ತೀನಿ, ಅದ್ರಲ್ಲಿ ಮುಕ್ಕಾಲು ಪಾಲು ನಮ್ಮ ಕಡೆಯವರೇ. ವರ್ಷ ಪೂರ್ತಿ ಫೋನಲ್ಲಿ, ಪತ್ರದಲ್ಲಿ, ರಾಜ್ಯೋತ್ಸವದ ಊಟದ ಸಾಲಲ್ಲಿ ನಿಂತಾಗಲೂ ಬರೋ ಪ್ರಶ್ನೆ ಒಂದೇ ಥರದ್ದು: "ಅಕ್ಕಾ, ಯಾವ್ದೋ ಡೈರೆಕ್ಟರಿಯವರು ಬಿಲ್ ಕಳ್ಸಿದಾರೆ, ಏನ್ ಮಾಡ್ಲಿ?" ನಾನೂ ಕೆಲಸ ಶುರು ಮಾಡಿದ ಹೊಸದ್ರಲ್ಲಿ ಇಂಥದ್ದೇ ಒಂದು ಫಾರಂಗೆ ಸಹಿ ಹಾಕಿ ಸುಮಾರು ತಿಂಗಳು ನಿದ್ದೆ ಕೆಡಿಸ್ಕೊಂಡಿದೀನಿ, ಅದಕ್ಕೇ ಇದನ್ನ ಉದ್ದವಾಗಿ ಬರೀತಿದೀನಿ. ಮೊದಲು ಸುಲಭದ ಪ್ರಶ್ನೆಗಳು, ಕಾನೂನಿನ ಒಳಗಿಂದು ಆಮೇಲೆ.

## ಶುರುವಿಂದ

ಏನಿದು ಡೈರೆಕ್ಟರಿ ಬಿಲ್ಲು? ನಾವು ಏನೂ ಕೇಳೇ ಇಲ್ವಲ್ಲ

ವ್ಯಾಪಾರಸ್ಥರ ಹೆಸರು, ವಿಳಾಸ, ಫೋನ್ ನಂಬರು ಸೇರಿಸಿ ಮಾಡೋ ಪಟ್ಟಿನೇ ಬಿಸಿನೆಸ್ ಡೈರೆಕ್ಟರಿ, ಪುಸ್ತಕ ಆಗಿರಬಹುದು, ವೆಬ್‌ಸೈಟ್ ಆಗಿರಬಹುದು. ಅದರಲ್ಲಿ ತಪ್ಪೇನಿಲ್ಲ. ತೊಂದರೆ ಇರೋದು ಎಲ್ಲಿ ಅಂದ್ರೆ, ನೀವು ಆರ್ಡರ್ ಕೊಡದೇನೇ ನಿಮ್ಮ ಹೆಸರನ್ನ ಅದ್ರಲ್ಲಿ ಹಾಕಿ, ಅಥವಾ ಹಾಕಿದೀವಿ ಅಂತ ಹೇಳಿ, ಅದಕ್ಕೆ ದುಡ್ಡು ಕೇಳೋದು. ಕೆಲವರು ಸೀದಾ ಬಿಲ್ ಥರ ಕಾಣೋ ಕಾಗದ ಕಳಿಸ್ತಾರೆ. ಕೆಲವರು "ನಿಮ್ಮ ವಿವರ ಸರಿ ಇದ್ಯಾ ನೋಡಿ" ಅಂತ ಫಾರಂ ಕಳಿಸ್ತಾರೆ. ಇನ್ನು ಕೆಲವರು ಫೋನ್ ಮಾಡಿ "ಹೋದ ವರ್ಷದ ಎಂಟ್ರಿ ರಿನ್ಯೂ ಮಾಡ್ತಿದೀವಿ, ಅಡ್ರೆಸ್ ಅದೇನಾ?" ಅಂತಾರೆ, ಹೋದ ವರ್ಷ ನಿಮ್ಮ ಎಂಟ್ರಿನೇ ಇರಲ್ಲ.

ಫ್ರೀ ಅಂತ ಬರ್ದಿತ್ತು, ಅಡ್ರೆಸ್ ನೋಡಿ ಸಹಿ ಹಾಕಿದ್ದು ಅಷ್ಟೇ, ಅದ್ಹೇಗೆ ದುಡ್ಡು ಕೇಳ್ತಾರೆ?

ನನಗೂ ಹೀಗೇ ಆಗಿದ್ದು. ಫಾರಂ ಮೇಲ್ಗಡೆ ದೊಡ್ಡ ಅಕ್ಷರದಲ್ಲಿ ವಿವರ ಅಪ್‌ಡೇಟ್ ಮಾಡೋದು ಉಚಿತ ಅಂತ ಇತ್ತು, ಅದು ಸುಳ್ಳಲ್ಲ, ಅಪ್‌ಡೇಟ್ ಉಚಿತವೇ. ಕೆಳಗಡೆ ಬೂದು ಬಣ್ಣದ ಸಣ್ಣಕ್ಷರದಲ್ಲಿ, ಒಂದು ಉದ್ದನೆ ವಾಕ್ಯದ ಹೊಟ್ಟೆ ಒಳಗೆ, ಸಹಿ ಹಾಕಿದ್ರೆ ಮೂರು ವರ್ಷಕ್ಕೆ ಜಾಹೀರಾತಿನ ಆರ್ಡರ್ ಕೊಟ್ಟ ಹಾಗೆ, ವರ್ಷಕ್ಕೆ ಸಾವಿರ ಯೂರೋ ಹತ್ತಿರ, ಅಂತ ಇತ್ತು. ನಾನು ಅವತ್ತು ಬೆಳಗ್ಗೆಯಿಂದ ಇಪ್ಪತ್ತು ಕಾಗದಕ್ಕೆ ಸಹಿ ಹಾಕಿದ್ದೆ, ಇದು ಇಪ್ಪತ್ತೊಂದನೇದು. ಕಾಗದನ ಬೇಕು ಅಂತಲೇ ಹಾಗೆ ಮಾಡಿರ್ತಾರೆ, ಕಣ್ಣು ಮೇಲಿನ ದಪ್ಪ ಅಕ್ಷರದಿಂದ ಸೀದಾ ಸಹಿ ಜಾಗಕ್ಕೆ ಜಾರಬೇಕು, ಮಧ್ಯದ ಬೆಲೆ ಮೇಲೆ ನಿಲ್ಲಬಾರದು. ಹಾಗಾಗಿ ಮೋಸ ಹೋದವರು ದಡ್ಡರು ಅನ್ನೋ ಮಾತನ್ನ ನಾನು ಒಪ್ಪಲ್ಲ.

ನಮ್ಮಂಥ ಚಿಕ್ಕೋರ ಹಿಂದೆನೇ ಯಾಕೆ ಬೀಳ್ತಾರೆ?

ದೊಡ್ಡ ಕಂಪನಿಲಿ ಆರ್ಡರ್ ಕೊಡೋರು ಒಬ್ಬರು, ಬಿಲ್ ನೋಡೋರು ಒಬ್ಬರು, ದುಡ್ಡು ಕಳಿಸೋರು ಇನ್ನೊಬ್ಬರು, ಆರ್ಡರ್ ನಂಬರ್ ಇಲ್ಲದ ಬಿಲ್ಲು ಅಲ್ಲೇ ನಿಂತೋಗುತ್ತೆ. ನಮ್ಮೋರ ಹೋಟೆಲಲ್ಲಿ ಗಂಡ ಒಲೆ ಮುಂದೆ, ಹೆಂಡತಿ ಕೌಂಟರಲ್ಲಿ, ಟಪಾಲು ರಾತ್ರಿ ಹನ್ನೊಂದಕ್ಕೆ ಓದೋದು. ಅದ್ರ ಮೇಲೆ ಹೊಸ ದೇಶ, "ಇಲ್ಲಿ ಏನಾದ್ರೂ ಕಟ್ಟದೇ ಇದ್ರೆ ಲೈಸೆನ್ಸ್‌ಗೆ, ವೀಸಾಗೆ ತೊಂದ್ರೆ ಆಗ್ಬಿಟ್ರೆ" ಅನ್ನೋ ಹೆದರಿಕೆ ಬೇರೆ. ಕಂಪನೀಸ್ ಹೌಸಲ್ಲಿ, ಅಂದ್ರೆ ಇಲ್ಲಿನ ಕಂಪನಿ ನೋಂದಣಿ ಕಚೇರಿಲಿ, ಕಂಪನಿ ರಿಜಿಸ್ಟರ್ ಮಾಡಿದ ತಕ್ಷಣ ಹೆಸರು ವಿಳಾಸ ಎಲ್ಲರಿಗೂ ಕಾಣುತ್ತೆ, ಹೊಸಬರ ಪಟ್ಟಿ ಅಲ್ಲೇ ಸಿಕ್ಕಿಬಿಡುತ್ತೆ.

ನಿಜವಾದ ಡೈರೆಕ್ಟರಿ ಯಾವ್ದು, ಮೋಸದ್ದು ಯಾವ್ದು, ಹೇಗೆ ಗೊತ್ತಾಗುತ್ತೆ?

ಹೆಸರು, ಲೋಗೋ ನೋಡಿ ಗೊತ್ತಾಗಲ್ಲ. ಅಮೆರಿಕದಲ್ಲಿ ಯೆಲ್ಲೋ ಪೇಜಸ್ ಅನ್ನೋ ಹೆಸರನ್ನೂ, ಬೆರಳು ನಡೆಯೋ ಚಿತ್ರನೂ ಅಲ್ಲಿನ ಫೋನ್ ಕಂಪನಿ ತನ್ನ ಟ್ರೇಡ್‌ಮಾರ್ಕ್ ಅಂತ ಕಾಪಾಡ್ಕೊಳ್ಲೇ ಇಲ್ಲ, ಹಾಗಾಗಿ ಅಲ್ಲಿ ಯಾರು ಬೇಕಾದ್ರೂ ಅದನ್ನ ಬಿಲ್ ಮೇಲೆ ಅಚ್ಚು ಹಾಕ್ಬಹುದಿತ್ತು, ಹಾಕಿದ್ರೂ ಕೂಡ. ಬ್ರಿಟನ್ನಿನ ಯೆಲ್ಲೋ ಪೇಜಸ್ ಪುಸ್ತಕ 1966ರಲ್ಲಿ ಬ್ರೈಟನ್‌ನಲ್ಲಿ ಶುರುವಾಗಿ 2019ರ ಜನವರಿಲಿ ಅದೇ ಬ್ರೈಟನ್‌ನಲ್ಲಿ ಕೊನೆ ಆಯ್ತು, ಈಗ ಯಾರಾದ್ರೂ "ಈ ವರ್ಷದ ಪುಸ್ತಕ" ಅಂತ ಆ ಹೆಸರು ಹೇಳಿದ್ರೆ ಅಲ್ಲೇ ಅನುಮಾನ ಪಡಿ.

ನೋಡ್ಬೇಕಾಗಿದ್ದು ಬೆಲೆ ಎಲ್ಲಿ ಬರ್ದಿದಾರೆ ಅಂತ. ನಿಜವಾದವರು ಬೆಲೆ ಮೊದ್ಲು ಹೇಳಿ ಆಮೇಲೆ ಸಹಿ ಕೇಳ್ತಾರೆ. ಮೋಸದವರು ಸಹಿ ಮೊದ್ಲು ತಗೊಂಡು ಬೆಲೆನ ಮುಂದಿನ ತಿಂಗಳು ಹೇಳ್ತಾರೆ.

## ಕಾಗದ ಬಂದ ಮೇಲೆ

ಅಕ್ಕಾ, ಬಿಲ್ ಬಂದಿದೆ, ಕಟ್ಬೇಕಾ ಬೇಡ್ವಾ, ಒಂದೇ ಮಾತಲ್ಲಿ ಹೇಳಿ

ನೀವು ಏನಕ್ಕೂ ಸಹಿ ಹಾಕಿಲ್ಲ, ಆನ್‌ಲೈನಲ್ಲೂ ಒಪ್ಪಿಲ್ಲ, ಹಿಂದೆ ಅವರ ಹತ್ರ ನಿಜವಾಗಿ ಎಂಟ್ರಿ ತಗೊಂಡಿಲ್ಲ, ಕಂಪನಿ ಬ್ರಿಟನ್ನಿಂದು ಅಂದ್ರೆ: ಬೇಡ. ಕಟ್ಟಬೇಡಿ. ಸಹಿ ಹಾಕಿದ್ರೂ ಕೂಡ ತಕ್ಷಣ ಸೋತ್ವಿ ಅಂತ ಅಲ್ಲ, ಆ ಕಾಗದ ಕಾನೂನು ಹೇಳಿದ ಹಾಗೆ ಇದ್ಯಾ ಅಂತ ಮೊದ್ಲು ನೋಡ್ಬೇಕು, ಅದನ್ನ ಕೆಳಗಡೆ ಹೇಳಿದೀನಿ. ಕಟ್ಟೋ ಮುಂಚೆ ಒಂದು ದಿನ ತಡೀರಿ, ಫಾರಂ ಮತ್ತೆ ಲಕೋಟೆ ಎರಡೂ ಎತ್ತಿಡಿ. "ಸ್ವಲ್ಪ ಕಟ್ಟಿ ಮುಗಿಸ್ಕೊಳಿ, ಮಿಕ್ಕಿದ್ದು ಬಿಡ್ತೀವಿ" ಅಂತ ಫೋನ್ ಬಂದ್ರೆ ಅದಕ್ಕೂ ಒಪ್ಪಬೇಡಿ, ಸ್ವಲ್ಪ ಕಟ್ಟಿದ್ರೆ ಬಾಕಿ ಇರೋದನ್ನ ನೀವೇ ಒಪ್ಪಿದ ಹಾಗೆ ಅಂತ ಆಮೇಲೆ ವಾದ ಮಾಡ್ತಾರೆ.

ಫೋನಲ್ಲಿ 'ಯೆಸ್' ಅಂದ್ಬಿಟ್ಟೆ, ರೆಕಾರ್ಡಿಂಗ್ ಇದೆ ಅಂತ ಹೆದರಿಸ್ತಿದಾರೆ

ಸಾಮಾನ್ಯವಾಗಿ ಇಂಗ್ಲೆಂಡಿನ ಕಾನೂನಲ್ಲಿ ಬಾಯಿ ಮಾತಿನ ಕರಾರೂ ಕರಾರೇ, ಅದು ನಿಜ. ಆದ್ರೆ ಡೈರೆಕ್ಟರಿ ಎಂಟ್ರಿಗೆ ಮಾತ್ರ 1971ರಿಂದ ಬೇರೆ ನಿಯಮ ಇದೆ (ಅನ್‌ಸಾಲಿಸಿಟೆಡ್ ಗೂಡ್ಸ್ ಅಂಡ್ ಸರ್ವಿಸಸ್ ಆಕ್ಟ್, ಸೆಕ್ಷನ್ 3, ವಿವರ ಕೆಳಗಡೆ ಇದೆ), ಸಹಿ ಹಾಕಿದ ಆರ್ಡರ್ ಅಥವಾ ಒಪ್ಪಿಗೆ ಪತ್ರ ಬೇಕು, ಈಗ ಎಲೆಕ್ಟ್ರಾನಿಕ್ ಆದ್ರೂ ನಡೆಯುತ್ತೆ. ಹೊಸ ಎಂಟ್ರಿಗೆ ಬರೀ ಫೋನಿನ ಯೆಸ್ ಸಾಲಲ್ಲ. ಅದೂ "ಅಡ್ರೆಸ್ ಇದೇನಾ?" ಅಂದಿದ್ದಕ್ಕೆ ಹೇಳಿದ ಯೆಸ್ ಅನ್ನ ಕತ್ತರಿಸಿ ಬೇರೆ ಪ್ರಶ್ನೆ ಮುಂದೆ ಅಂಟಿಸಿದ ರೆಕಾರ್ಡಿಂಗ್ ಬಗ್ಗೆನೂ ನನ್ನ ಹತ್ರ ಜನ ಹೇಳ್ಕೊಂಡಿದಾರೆ. ನಿಮ್ಮ ನಂಬರನ್ನ ಕಾರ್ಪೊರೇಟ್ ಟೆಲಿಫೋನ್ ಪ್ರಿಫರೆನ್ಸ್ ಸರ್ವಿಸ್‌ಗೆ ಸೇರಿಸಿ, ಕಂಪನಿಗಳಿಗೆ ಅಂತಲೇ 2004ರಿಂದ ಇದೆ, ಉಚಿತ, ಮೋಸದವರನ್ನ ಪೂರ್ತಿ ತಡೆಯಲ್ಲ ಆದ್ರೂ ಮಾರಾಟದ ಕರೆ ಕಮ್ಮಿ ಆಗುತ್ತೆ.

ವಸೂಲಿ ಏಜೆನ್ಸಿಯಿಂದ ಪತ್ರ ಬಂತು, ಮನೆ ಬಾಗಿಲಿಗೆ ಬಂದು ಸಾಮಾನು ಎತ್ಕೊಂಡ್ ಹೋಗ್ತಾರಾ?

ಇಲ್ಲ. ಕೋರ್ಟಿನ ತೀರ್ಪಿಲ್ಲದೆ ಇಂಥ ಬಾಕಿಗೆ ಯಾರೂ ಬಂದು ಏನೂ ಎತ್ತೋ ಹಾಗಿಲ್ಲ. ಕೆಂಪಕ್ಷರದ ಪತ್ರ, "ಕೊನೇ ಎಚ್ಚರಿಕೆ" ಅನ್ನೋ ಪತ್ರ, ವಕೀಲರ ಹೆಸರಿರೋ ಪತ್ರ, ಇವು ಬರೀ ಪತ್ರಗಳು. ತಡವಾಗಿದ್ದಕ್ಕೆ 1998ರ ಲೇಟ್ ಪೇಮೆಂಟ್ ಕಾನೂನಿನ ಪ್ರಕಾರ ಬ್ಯಾಂಕ್ ಆಫ್ ಇಂಗ್ಲೆಂಡ್ ದರದ ಮೇಲೆ ಶೇಕಡ 8 ಬಡ್ಡಿ ಸೇರಿಸ್ತೀವಿ ಅಂತಾನೂ ಬರೀತಾರೆ, ಆ ಕಾನೂನು ಇರೋದು ನಿಜ, ಆದ್ರೆ ಅಸಲೇ ಇಲ್ಲದಿದ್ದಾಗ ಬಡ್ಡಿ ಎಲ್ಲಿಂದ ಬರ್ಬೇಕು? ಒಂದೇ ಒಂದು ಸಲ ಲಿಖಿತವಾಗಿ "ಈ ಬಾಕಿ ನಾವು ಒಪ್ಪಲ್ಲ, 1971ರ ಕಾನೂನಿನ ಸೆಕ್ಷನ್ 3ರ ಪ್ರಕಾರದ ಆರ್ಡರ್ ಇದ್ರೆ ತೋರಿಸಿ" ಅಂತ ಉತ್ತರ ಕೊಟ್ಟು ಸುಮ್ನಿರಿ.

ಸುಮ್ನಿರಬಾರದ ಕಾಗದ ಎರಡಿವೆ, ಇದನ್ನ ದಯವಿಟ್ಟು ನೆನಪಿಡಿ. ಒಂದು ಕೋರ್ಟಿನಿಂದ ಬರೋ ಕ್ಲೇಮ್ ಫಾರಂ. ಇಂಗ್ಲೆಂಡ್, ವೇಲ್ಸ್‌ನಲ್ಲಿ ಅದಕ್ಕೆ 14 ದಿನದಲ್ಲಿ ಉತ್ತರ ಕೊಡ್ಬೇಕು, ಬಂದು ತಲುಪಿದೆ ಅಂತ ಮೊದಲು ತಿಳಿಸಿದ್ರೆ 28 ದಿನ ಸಿಗುತ್ತೆ. ಉತ್ತರ ಕೊಡದೇ ಇದ್ರೆ ನಿಮ್ಮ ಕಡೆ ನ್ಯಾಯ ಇದ್ರೂ ಏಕಪಕ್ಷೀಯ ತೀರ್ಪಾಗಿ ಕ್ರೆಡಿಟ್ ದಾಖಲೆಲಿ 6 ವರ್ಷ ಕೂತ್ಕೊಳುತ್ತೆ. ಇನ್ನೊಂದು ಲಿಮಿಟೆಡ್ ಕಂಪನಿಗಳಿಗೆ ಬರೋ ಸ್ಟ್ಯಾಚುಟರಿ ಡಿಮ್ಯಾಂಡ್, ಅಂದ್ರೆ ಕಟ್ಟದಿದ್ರೆ ಕಂಪನಿ ಮುಚ್ಚಿಸೋಕೆ ಕೋರ್ಟಿಗೆ ಹೋಗೋಕೆ ದಾರಿ ಮಾಡೋ ನೋಟಿಸ್, 21 ದಿನದ ಗಡುವು, ಅದನ್ನ ಹಿಡ್ಕೊಂಡು ಅವತ್ತೇ ಸಾಲಿಸಿಟರ್ ಹತ್ರ ಹೋಗಿ. ನನ್ನ ಗಿರಾಕಿ ಒಬ್ಬರು ಎಲ್ಲಾ ಪತ್ರನೂ ಒಂದೇ ಥರ ಅಂದ್ಕೊಂಡು ಕೋರ್ಟಿನ ಕಾಗದನೂ ಡ್ರಾಯರಿಗೆ ಹಾಕಿದ್ರು, ಅದನ್ನ ಬಿಡಿಸೋಕೆ ಮೂಲ ಬಿಲ್ಲಿಗಿಂತ ಜಾಸ್ತಿ ಓಡಾಟ ಆಯ್ತು.

ಹೆದರಿ ಕಟ್ಟಿಬಿಟ್ಟಿದೀವಿ, ವಾಪಸ್ ಬರುತ್ತಾ?

ಕಾನೂನಿನ ಪ್ರಕಾರ ಬರ್ಬೇಕು. ಸೆಕ್ಷನ್ 3ರಲ್ಲೇ ಬರ್ದಿದೆ, ಸರಿಯಾದ ಆರ್ಡರ್ ಇಲ್ಲದೆ ಕಟ್ಟಿದ ದುಡ್ಡನ್ನ ವಾಪಸ್ ಪಡೆಯೋ ಹಕ್ಕು ಕಟ್ಟಿದವರಿಗಿದೆ ಅಂತ. ಕಾರ್ಡಲ್ಲಿ ಕಟ್ಟಿದ್ರೆ ಬ್ಯಾಂಕಿಗೆ ಹೇಳಿ ಚಾರ್ಜ್‌ಬ್ಯಾಕ್ (ಕಾರ್ಡಿನ ದುಡ್ಡು ವಾಪಸ್ ಎಳೆಯೋದು) ಕೇಳಿ, ಡೈರೆಕ್ಟ್ ಡೆಬಿಟ್ ಆಗಿದ್ರೆ ಡೈರೆಕ್ಟ್ ಡೆಬಿಟ್ ಗ್ಯಾರಂಟಿ ಅಡಿಲಿ ಕೇಳಿ. ಇವೆರಡೂ ಆಗದಿದ್ರೆ ಸಣ್ಣ ಮೊತ್ತದ ಕೇಸಿಗೆ ಕೋರ್ಟಿನ ಸ್ಮಾಲ್ ಕ್ಲೇಮ್ಸ್ ಇದೆ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 10,000 ಪೌಂಡ್ ತನಕ, ವಕೀಲರಿಲ್ಲದೇ ನಡೆಸ್ಬಹುದು. ಆದ್ರೆ ಕಂಪನಿ ಹೆಸರು ಬದಲಾಯಿಸಿ ಮುಚ್ಕೊಂಡು ಹೋಗಿದ್ರೆ ಹಕ್ಕು ಇದ್ದೂ ದುಡ್ಡು ಕೈಗೆ ಬರಲ್ಲ, ಇದೇ ಬೇಜಾರು.

ಸಹಿ ಹಾಕಿದ್ದು ಕೌಂಟರಲ್ಲಿದ್ದ ಹುಡುಗ, ನಾನಲ್ಲ

ಕಾನೂನು "ಅವರು ಅಥವಾ ಅವರ ಪರವಾಗಿ" ಸಹಿ ಅಂತ ಹೇಳುತ್ತೆ, ಹಾಗಾಗಿ ಹುಡುಗ ಹಾಕಿದ್ದು ಅಂತ ಅಷ್ಟಕ್ಕೇ ತಳ್ಳಿಹಾಕೋಕಾಗಲ್ಲ, ಅವನಿಗೆ ಆ ಅಧಿಕಾರ ಇದ್ದಂತೆ ಹೊರಗಿನವರಿಗೆ ಕಾಣ್ತಿತ್ತಾ ಅನ್ನೋದು ಪ್ರಶ್ನೆ ಆಗುತ್ತೆ. ಪಾರ್ಟ್‌ಟೈಮ್ ವೇಟರ್ ಜಾಹೀರಾತಿನ ಕರಾರು ಮಾಡ್ತಾನೆ ಅಂತ ಯಾರೂ ನಂಬಲ್ಲ, ಮ್ಯಾನೇಜರ್ ಅಂತ ಬೋರ್ಡ್ ಹಾಕಿದ್ರೆ ವಾದ ಕಷ್ಟ. ನಮ್ಮೋರಿಗೆ ಸೀಲು ಹೊಡೆಯೋ ಅಭ್ಯಾಸ ಬೇರೆ ಇದೆ, ರಬ್ಬರ್ ಸ್ಟಾಂಪನ್ನ ಕೌಂಟರ್ ಮೇಲೆ ಇಡಬೇಡಿ.

## ಕಾನೂನಿನ ಒಳಗೆ

1971ರ ಕಾನೂನಲ್ಲಿ ಅಸಲಿಗೆ ಏನಿದೆ?

ಹೆಸರು ಅನ್‌ಸಾಲಿಸಿಟೆಡ್ ಗೂಡ್ಸ್ ಅಂಡ್ ಸರ್ವಿಸಸ್ ಆಕ್ಟ್. ಆಗ ಬ್ರಿಟನ್ನಲ್ಲಿ ಕೇಳದೇ ಮನೆಗೆ ಸಾಮಾನು ಕಳಿಸಿ ದುಡ್ಡು ಕೇಳೋ ಪಿಡುಗಿತ್ತು, ಅದನ್ನ ನಿಲ್ಲಿಸೋಕೆ ಬಂದ ಕಾನೂನಿದು, ಅದ್ರ ಜೊತೆಲೇ ಸೆಕ್ಷನ್ 3 ಅಂತ ಡೈರೆಕ್ಟರಿಗಳಿಗೇ ಒಂದು ಸೆಕ್ಷನ್ ಇಟ್ರು. ಅದು ಹೇಳೋದು ಇಷ್ಟು: ನಿಮ್ಮ ವ್ಯಾಪಾರದ ಹೆಸರನ್ನ ಡೈರೆಕ್ಟರಿಗೆ ಹಾಕಿದ್ದಕ್ಕೆ ದುಡ್ಡು ಕೊಡ್ಬೇಕಾದ ಹೊಣೆ ನಿಮ್ಮ ಮೇಲೆ ಬರ್ಬೇಕಾದ್ರೆ ಎರಡರಲ್ಲಿ ಒಂದು ಇರ್ಬೇಕು. ಒಂದೋ, ನಿಮ್ಮದೇ ಹೆಸರು ವಿಳಾಸ ಅಚ್ಚಾಗಿರೋ ನಿಮ್ಮ ಸ್ವಂತ ಲೆಟರ್‌ಹೆಡ್ ಅಥವಾ ಆರ್ಡರ್ ಫಾರಮ್ಮಲ್ಲಿ ನೀವು ಸಹಿ ಹಾಕಿ ಕೊಟ್ಟ ಆರ್ಡರ್. ಇಲ್ಲಾ, ನೀವು ಸಹಿ ಹಾಕಿದ ಒಪ್ಪಿಗೆ ಪತ್ರ.

ಆ ಒಪ್ಪಿಗೆ ಪತ್ರಕ್ಕೆ ಹಾಕಿದ ಷರತ್ತುಗಳು ನನಗೆ ಬಹಳ ಇಷ್ಟ, ಯಾಕಂದ್ರೆ ಬರೆದವರಿಗೆ ಮೋಸ ಹೇಗೆ ನಡೆಯುತ್ತೆ ಅಂತ ಸರಿಯಾಗಿ ಗೊತ್ತಿತ್ತು. ಬೆಲೆ ಸಹಿ ಹಾಕೋ ಜಾಗದ ಸರಿಯಾಗಿ ಮೇಲೆ ಇರ್ಬೇಕು, ಹಿಂದಿನ ಪುಟದಲ್ಲಲ್ಲ, ಅಡಿಟಿಪ್ಪಣಿಲಲ್ಲ. ಡೈರೆಕ್ಟರಿ ಯಾವ್ದು, ಯಾವಾಗ ಪ್ರಕಟ ಆಗುತ್ತೆ, ಮಾಡೋರು ಯಾರು, ಅವರ ವಿಳಾಸ ಏನು, ಮಾರೋದಾದ್ರೆ ಬೆಲೆ ಎಷ್ಟು ಮತ್ತೆ ಕನಿಷ್ಠ ಎಷ್ಟು ಪ್ರತಿ, ಪುಕ್ಕಟೆ ಹಂಚೋದಾದ್ರೆ ಕನಿಷ್ಠ ಎಷ್ಟು ಪ್ರತಿ, ನಿಮ್ಮ ಎಂಟ್ರಿಲಿ ಏನಿರುತ್ತೆ, ಎಲ್ಲಾ ಹೇಳ್ಬೇಕು. ಸಹಿ ಹಾಕೋ ಮುಂಚೆನೇ ನೀವು ಇಟ್ಕೊಳೋಕೆ ಒಂದು ಪ್ರತಿ ಕೊಟ್ಟಿರ್ಬೇಕು. ಮೋಸದವರಿಗೆ ಪುಸ್ತಕನೇ ಇರಲ್ಲ, ಎಷ್ಟು ಪ್ರತಿ ಅಂತ ಏನ್ ಬರೀತಾರೆ?

ಇದು ಬರೀ ಕರಾರಿನ ವಿಷಯನೂ ಅಲ್ಲ. ದುಡ್ಡು ಬರ್ಬೇಕು ಅಂತ ನಂಬೋಕೆ ಸರಿಯಾದ ಕಾರಣ ಇಲ್ಲದೇ ಬೇಡಿಕೆ ಇಟ್ರೆ ಅದು ಅಪರಾಧ. 1975ರಲ್ಲಿ ಬಿಲ್ ರೂಪದ ಕಾಗದಗಳಿಗೂ ನಿಯಮ ಬಂತು, ಬಿಲ್ ಥರ ಕಾಣೋ ಆಫರ್ ಮೇಲೆ ಇದು ದುಡ್ಡಿನ ಬೇಡಿಕೆ ಅಲ್ಲ, ಕಟ್ಟಲೇಬೇಕು ಅಂತಿಲ್ಲ, ಇದು ಬಿಲ್ಲಲ್ಲ ಅಂತ ಅಚ್ಚಾಗಿರ್ಬೇಕು ಅಂತ. ಅಮೆರಿಕದ ಅಂಚೆ ಕಾನೂನಲ್ಲೂ ಇದೇ ಅರ್ಥದ ಎಚ್ಚರಿಕೆ ಹಾಕ್ಬೇಕು ಅಂತಿದೆ.

ಒಂದು ಮಾತು ಎಚ್ಚರ: ಸ್ವಂತ ಲೆಟರ್‌ಹೆಡ್ಡಲ್ಲಿ "ನಮ್ಮ ಹೆಸರು ಸರಿಯಾಗಿ ಹಾಕಿ" ಅಂತ ಬರ್ದು ಸಹಿ ಹಾಕಿ ಕಳಿಸ್ಬೇಡಿ, ಅದನ್ನೇ ನಿಮ್ಮ ಆರ್ಡರ್ ಅಂತ ತೋರಿಸೋಕೆ ದಾರಿ ಕೊಟ್ಟ ಹಾಗಾಗುತ್ತೆ.

2001, 2005ರಲ್ಲಿ ಕಾನೂನನ್ನ ಸಡಿಲ ಮಾಡಿದ್ರು ಅಂತಾರಲ್ಲ, ಯಾಕೆ?

1971ರಲ್ಲಿ ಕಾನೂನು ಬರೆದಾಗ ಎಲ್ಲಾ ಕಾಗದ. ಇಂಟರ್‌ನೆಟ್ ಬಂದ ಮೇಲೆ ಆನ್‌ಲೈನಲ್ಲಿ ಒಪ್ಪಿದ ಕರಾರಿಗೆ ಸೆಕ್ಷನ್ 3ರಲ್ಲಿ ಜಾಗ ಇರ್ಲಿಲ್ಲ, 2001ರ ಆದೇಶ ಎಲೆಕ್ಟ್ರಾನಿಕ್ ಒಪ್ಪಿಗೆಗೆ ದಾರಿ ಮಾಡಿಕೊಡ್ತು. ಅದು ಆಗ್ಬೇಕಾದ್ದೇ.

2005ರದ್ದು ಸ್ವಲ್ಪ ಬೇರೆ. ನಿಯತ್ತಾಗಿ ಡೈರೆಕ್ಟರಿ ಮಾಡೋರದ್ದು ಒಂದು ಗೋಳಿತ್ತು, ಹತ್ತು ವರ್ಷದಿಂದ ಪ್ರತಿ ವರ್ಷ ಜಾಹೀರಾತು ಕೊಡೋ ಪ್ಲಂಬರ್ ಹತ್ರಾನೂ ಪ್ರತಿ ವರ್ಷ ಹೊಸ ಸಹಿ ತಗೋಬೇಕು, ಅವನು ಸಹಿ ಕಳಿಸೋದು ಮರೀತಾನೆ, ಪುಸ್ತಕದಲ್ಲಿ ಹೆಸರು ಬಿಟ್ಟೋಗುತ್ತೆ, ಇಬ್ಬರಿಗೂ ನಷ್ಟ. ಆಗಿನ ಸರ್ಕಾರ ರೆಗ್ಯುಲೇಟರಿ ರಿಫಾರ್ಮ್ ಆಕ್ಟ್ 2001ರ ಕೆಳಗೆ ಒಂದು ಆದೇಶ ತಂದು, ಹಿಂದೆ ಸರಿಯಾಗಿ ಕರಾರು ಮಾಡ್ಕೊಂಡಿದ್ದವರ ಎಂಟ್ರಿನ ಹೊಸ ಸಹಿ ಇಲ್ಲದೇ ಮುಂದುವರಿಸ್ಬಹುದು, ಆದ್ರೆ ಮುಂಚೆ ಲಿಖಿತವಾಗಿ ತಿಳಿಸ್ಬೇಕು, ಬೇಡ ಅನ್ನೋಕೆ ಸಮಯ ಕೊಡ್ಬೇಕು ಅಂತ ಮಾಡ್ತು. ನನ್ನ ಅಭಿಪ್ರಾಯದಲ್ಲಿ ಇದು ಅನ್ಯಾಯದ ಬದಲಾವಣೆ ಅಲ್ಲ, ಯಾಕಂದ್ರೆ ಮೊದಲನೇ ಸಲ ಸಹಿ ಬೇಕೇ ಬೇಕು ಅನ್ನೋದನ್ನ ಅದು ಕೈಬಿಡಲಿಲ್ಲ. ಆದ್ರೆ ನಿಮಗೆ ಇದರ ಅರ್ಥ ಏನು ಅಂದ್ರೆ, ಒಂದು ಸಲ ನಿಜವಾಗಿ ಎಂಟ್ರಿ ತಗೊಂಡಿದ್ರೆ, ಮುಂದಿನ ವರ್ಷದ ರಿನ್ಯೂವಲ್ ನೋಟಿಸನ್ನ ಜಾಹೀರಾತು ಅಂದ್ಕೊಂಡು ಬಿಸಾಕ್ಬೇಡಿ, ಬೇಡದಿದ್ರೆ ಗಡುವಿನ ಒಳಗೆ ಬೇಡ ಅಂತ ಇಮೇಲ್ ಹಾಕಿ. ಮೋಸದವರು ಫೋನಲ್ಲಿ "ರಿನ್ಯೂವಲ್" ಅನ್ನೋ ಪದನೇ ಹಿಡ್ಕೊಳೋದು ಇದಕ್ಕೇ, ಮೊದಲಿನ ಕರಾರಿನ ಪ್ರತಿ ತೋರಿಸಿ ಅಂದ್ರೆ ಮಾತು ನಿಲ್ಲುತ್ತೆ.

2024ರಲ್ಲಿ ಹೊಸ ಗ್ರಾಹಕ ಕಾನೂನು ಬಂತಲ್ಲ, ಅದು ನಮಗೆ ಸಹಾಯ ಮಾಡಲ್ವಾ?

ಇಲ್ಲ, ನನಗೆ ಸಿಟ್ಟು ಬರೋದೇ ಇಲ್ಲಿ. ಆರ್ಡರ್ ಮಾಡದೇ ಇರೋ ವಸ್ತುಗೆ ಬಿಲ್ ಥರದ ಕಾಗದ ಕಳಿಸೋದು ಯಾವ ಸಂದರ್ಭದಲ್ಲೂ ತಪ್ಪು ಅಂತ ಗ್ರಾಹಕರ ವಿಷಯದಲ್ಲಿ ಪಟ್ಟಿನೇ ಇದೆ, ಯುರೋಪಿನ 2005ರ ನಿರ್ದೇಶನದಿಂದ ಬ್ರಿಟನ್ನಿನ 2008ರ ನಿಯಮಗಳಿಗೆ ಬಂತು, ಈಗ 2024ರ ಡಿಜಿಟಲ್ ಮಾರ್ಕೆಟ್ಸ್, ಕಾಂಪಿಟಿಷನ್ ಅಂಡ್ ಕನ್ಸ್ಯೂಮರ್ಸ್ ಕಾನೂನಿಗೆ ಬಂದಿದೆ. 2025ರ ಏಪ್ರಿಲ್ 6ರಿಂದ ಗ್ರಾಹಕರಿಗೆ ಮೋಸ ಮಾಡಿದ ಕಂಪನಿಗೆ ಕಾಂಪಿಟಿಷನ್ ಅಂಡ್ ಮಾರ್ಕೆಟ್ಸ್ ಅಥಾರಿಟಿ ಅನ್ನೋ ಸರ್ಕಾರಿ ಸಂಸ್ಥೆ ಕೋರ್ಟಿಗೆ ಹೋಗದೇನೇ ಜಾಗತಿಕ ವಹಿವಾಟಿನ ಶೇಕಡ 10ರ ತನಕ ದಂಡ ಹಾಕ್ಬಹುದು. ಇದೆಲ್ಲಾ ನೀವು ಮನೆಗೆ ಫ್ರಿಜ್ ತಗೊಳೋ ಗ್ರಾಹಕ ಆದಾಗ. ಅದೇ ನೀವು ಬೆಳಗ್ಗೆ ಅಂಗಡಿ ಶಟರ್ ಎತ್ತಿದ ತಕ್ಷಣ "ವ್ಯಾಪಾರಸ್ಥ", ಆ ಪಟ್ಟಿ ನಿಮ್ಮ ರಕ್ಷಣೆಗೆ ಬರಲ್ಲ.

ವ್ಯಾಪಾರಸ್ಥರಿಗೆ ಇರೋದು 2008ರ ಬಿಸಿನೆಸ್ ಪ್ರೊಟೆಕ್ಷನ್ ಫ್ರಮ್ ಮಿಸ್‌ಲೀಡಿಂಗ್ ಮಾರ್ಕೆಟಿಂಗ್ ರೆಗ್ಯುಲೇಷನ್ಸ್. ದಾರಿ ತಪ್ಪಿಸೋ ಜಾಹೀರಾತು ಅಪರಾಧ, ಎರಡು ವರ್ಷದ ತನಕ ಜೈಲೂ ಆಗ್ಬಹುದು. ಆದ್ರೆ ಅದನ್ನ ನಡೆಸ್ಬೇಕಾದ್ದು ಸ್ಥಳೀಯ ಕೌನ್ಸಿಲ್ಲಿನ ಟ್ರೇಡಿಂಗ್ ಸ್ಟ್ಯಾಂಡರ್ಡ್ಸ್ (ವ್ಯಾಪಾರದ ಮೋಸ ನೋಡೋ ವಿಭಾಗ), ಅವರ ಹತ್ರ ಇರೋ ಜನ ಕಮ್ಮಿ, ಮತ್ತೆ ಇಲ್ಲಿ ತಪ್ಪುಗಳ ಸಿದ್ಧ ಪಟ್ಟಿ ಇಲ್ಲ, ಪ್ರತಿ ಕೇಸಲ್ಲೂ ಈ ಕಾಗದ ದಾರಿ ತಪ್ಪಿಸುತ್ತೆ ಅಂತ ಮೊದಲಿಂದ ತೋರಿಸ್ಬೇಕು. ದೊಡ್ಡ ಮಟ್ಟದ ಮೋಸಕ್ಕೆ 2006ರ ಫ್ರಾಡ್ ಆಕ್ಟ್ ಇದೆ, ಸುಳ್ಳು ಹೇಳಿ ಲಾಭ ಮಾಡ್ಕೊಂಡ್ರೆ ಹತ್ತು ವರ್ಷದ ತನಕ ಶಿಕ್ಷೆ.

ಬಿಲ್ ಕಳಿಸಿರೋ ಕಂಪನಿ ಬೇರೆ ದೇಶದಲ್ಲಿದೆ, ಆಗ ಸೆಕ್ಷನ್ 3 ಏನ್ ಮಾಡುತ್ತೆ?

ಕಷ್ಟ. ಫಾರಮ್ಮಿನ ಸಣ್ಣಕ್ಷರದಲ್ಲಿ ಬೆಲೆ ಜೊತೆ ಇನ್ನೊಂದು ಸಾಲೂ ಇರುತ್ತೆ, ಈ ಕರಾರಿಗೆ ಇಂಥಾ ದೇಶದ ಕಾನೂನು, ಇಂಥಾ ಊರಿನ ಕೋರ್ಟು ಅಂತ. ಗ್ರಾಹಕರಾದ್ರೆ ಇಂಥ ಷರತ್ತಿನಿಂದ ರಕ್ಷಣೆ ಸಿಗುತ್ತೆ, ವ್ಯಾಪಾರಸ್ಥರಾದ್ರೆ ಸಾಮಾನ್ಯವಾಗಿ ಆ ಷರತ್ತು ನಡೆಯುತ್ತೆ. ಮೋಸದಿಂದ ಪಡೆದ ಒಪ್ಪಿಗೆ ಒಪ್ಪಿಗೆನೇ ಅಲ್ಲ ಅನ್ನೋ ವಾದ ಎಲ್ಲಾ ಕಡೆ ಇದೆ, ಆದ್ರೆ ಇಡ್ಲಿ ಅಂಗಡಿಯವರು ಸ್ಪೇನಿಗೆ ಹೋಗಿ ವಾದ ಮಾಡ್ತಾರಾ?

ಯುರೋಪಲ್ಲಿ ಇದು ಎಷ್ಟು ದೊಡ್ಡದಾಯ್ತು ಅಂದ್ರೆ ಯುರೋಪಿಯನ್ ಪಾರ್ಲಿಮೆಂಟಿಗೆ 400ಕ್ಕೂ ಹೆಚ್ಚು ಸಣ್ಣ ವ್ಯಾಪಾರಸ್ಥರ ಅರ್ಜಿಗಳು ಬಂದ್ವು, 2008ರ ಡಿಸೆಂಬರ್ 16ರಂದು ಅದು ಒಂದು ನಿರ್ಣಯ ಮಾಡ್ತು. ಅದರಲ್ಲಿ ಯುರೋಪಿಯನ್ ಸಿಟಿ ಗೈಡ್ ಅನ್ನೋ ಸ್ಪೇನಿನ ಡೈರೆಕ್ಟರಿಯ ಹೆಸರನ್ನ ನೇರವಾಗಿ ಹೇಳಿದ್ರು. ನನಗೆ ಮನಸ್ಸಿಗೆ ತಟ್ಟಿದ್ದು ಇನ್ನೊಂದು, ಆ ನಿರ್ಣಯ ದುಡ್ಡಿನ ನಷ್ಟದ ಜೊತೆಗೆ ಅರ್ಜಿದಾರರ ಮಾನಸಿಕ ಒತ್ತಡ, ತಪ್ಪಿತಸ್ಥ ಭಾವ, ನಾಚಿಕೆ ಇವನ್ನೂ ಬರ್ದಿದೆ. ನನ್ನ ಮುಂದೆ ಕೂತು ಅತ್ತವರ ಮುಖ ಎಲ್ಲಾ ನೆನಪಾಯ್ತು.

ಆಸ್ಟ್ರಿಯಾ ಆಗ್ಲೇ ತನ್ನ ಅನ್ಯಾಯದ ಪೈಪೋಟಿ ಕಾನೂನಲ್ಲಿ 28ಎ ಅಂತ ಸೆಕ್ಷನ್ ಇಟ್ಟಿತ್ತು, ಬಿಲ್ ಅಥವಾ ದುಡ್ಡು ಕಟ್ಟೋ ಚೀಟಿ ಅಥವಾ ತಿದ್ದುಪಡಿ ಫಾರಂ ರೂಪದಲ್ಲಿ ಡೈರೆಕ್ಟರಿ ಎಂಟ್ರಿ ಮಾರೋ ಹಾಗಿಲ್ಲ, ಇದು ಬರೀ ಆಫರ್ ಅಂತ ಎದ್ದು ಕಾಣ್ಬೇಕು ಅಂತ. ಇಂಥದ್ದು ಎಲ್ಲಾ ಕಡೆ ಬರ್ಲಿ ಅಂತ ಪಾರ್ಲಿಮೆಂಟ್ ಕೇಳ್ತು. 2012ರ ನವೆಂಬರಲ್ಲಿ ಯುರೋಪಿಯನ್ ಕಮಿಷನ್ ವ್ಯಾಪಾರಸ್ಥರನ್ನ ಮೋಸದ ಮಾರ್ಕೆಟಿಂಗಿಂದ ಕಾಪಾಡೋ ಬಗ್ಗೆ ಯೋಜನೆ ಪತ್ರ ಹೊರಡಿಸ್ತು. ಆದ್ರೂ ಗ್ರಾಹಕರಿಗಿರೋ ಆ ನಿಷೇಧದ ಪಟ್ಟಿ ವ್ಯಾಪಾರಸ್ಥರ ತನಕ ಬರ್ಲಿಲ್ಲ.

## ತಿದ್ದುಪಡಿ ಮತ್ತೆ ನಮ್ಮ ಊರು

ನಿಯಮ ಬಿಗಿ ಮಾಡಿದ್ರೆ ನಿಜವಾದ ಪಬ್ಲಿಷರ್‌ಗಳಿಗೆ ಹೊಡ್ತ ಬೀಳಲ್ವಾ?

ಈ ಪ್ರಶ್ನೆ ಕೇಳಿದವರು ಸ್ವತಃ ಒಂದು ಸಮುದಾಯದ ಡೈರೆಕ್ಟರಿ ಮಾಡೋರು, ಅವರ ಮಾತಲ್ಲಿ ನ್ಯಾಯ ಇದೆ. ಎಂಟ್ರಿಗೆ ಐವತ್ತು ಪೌಂಡ್ ತಗೊಳೋರಿಗೆ ಎರಡೆರಡು ಪ್ರತಿ, ಸಹಿ ಅಂತ ಓಡಾಡಿಸಿದ್ರೆ ಏನೂ ಉಳಿಯಲ್ಲ. ಅದಕ್ಕೇ ನಾನು ಕಾಗದ ಜಾಸ್ತಿ ಮಾಡಿ ಅನ್ನಲ್ಲ. ಬೆಲೆ ಸಹಿಯ ಮೇಲೆ ಇರ್ಲಿ ಅನ್ನೋದ್ರಿಂದ ನಿಜವಾದ ಪಬ್ಲಿಷರ್‌ಗೆ ಒಂದು ಪೈಸೆ ಖರ್ಚಿಲ್ಲ, ಫಾರಮ್ಮಲ್ಲಿ ಒಂದು ಸಾಲಿನ ಜಾಗ ಬದಲಾಗುತ್ತೆ ಅಷ್ಟೇ. ಮೋಸದವರಿಗೆ ಅದೊಂದು ಸಾಲು ಜಾಗ ಬದಲಾದ್ರೆ ವ್ಯಾಪಾರನೇ ಮುಗೀತು.

ಹಾಗಾದ್ರೆ ನಿಮ್ಮ ಪ್ರಕಾರ ಏನು ಬದಲಾಗ್ಬೇಕು?

ಮೊದಲನೇದು, ಆರ್ಡರ್ ಮಾಡದ್ದಕ್ಕೆ ಬಿಲ್ ಥರದ ಕಾಗದ ಕಳಿಸೋದನ್ನ ಸಣ್ಣ ವ್ಯಾಪಾರಸ್ಥರ ವಿಷಯದಲ್ಲೂ ನೇರವಾಗಿ ನಿಷೇಧದ ಪಟ್ಟಿಗೆ ಸೇರಿಸ್ಬೇಕು, ಅಂಗಡಿ ಮಾಲೀಕನಿಗೆ ಗ್ರಾಹಕನಿಗಿಂತ ಜಾಸ್ತಿ ಕಾನೂನು ಗೊತ್ತು ಅನ್ನೋ ಊಹೆ ಹತ್ತು ಜನರೂ ಕೆಲಸ ಮಾಡದ ಜಾಗದಲ್ಲಿ ನಿಲ್ಲಲ್ಲ. ಕೋರ್ಟಿಗೆ ಹೋಗದೇನೇ ದಂಡ ಹಾಕೋ ಆ ಅಧಿಕಾರನೂ ಇಲ್ಲಿಗೆ ಬರ್ಬೇಕು.

ಎರಡನೇದು "ಡೈರೆಕ್ಟರಿ" ಅನ್ನೋ ಪದದ ಗಡಿ. ಸೆಕ್ಷನ್ 3 ಡೈರೆಕ್ಟರಿ ಎಂಟ್ರಿಗೆ ಮಾತ್ರ. ಮೋಸ ಮಾಡೋರು ಆಗ್ಲೇ ಪಕ್ಕಕ್ಕೆ ಸರಿದಿದಾರೆ, ಪೊಲೀಸ್ ಅಥವಾ ಮಕ್ಕಳ ಸುರಕ್ಷತೆ ಹೆಸರಿನ ವಾಲ್‌ಪ್ಲಾನರಲ್ಲಿ ಜಾಹೀರಾತು, ಯಾವ್ದೋ ಚಾರಿಟಿ ವಾರ್ಷಿಕ ಪುಸ್ತಕ, ಡೊಮೇನ್ ನೋಂದಣಿ, ಸರ್ಚ್ ಲಿಸ್ಟಿಂಗ್. ತಂತ್ರ ಅದೇ, ಹೆಸರು ಬೇರೆ. ಕಾನೂನು ತಂತ್ರದ ಹಿಂದೆ ಹೋಗ್ಬೇಕು.

ಮೂರನೇದು ಪ್ರತಿಗಳ ಸಂಖ್ಯೆ ಕೇಳೋ ಹಳೇ ಷರತ್ತಿನ ಮಟ್ಟದ್ದು ಆನ್‌ಲೈನ್ ಡೈರೆಕ್ಟರಿಗೂ ಬೇಕು. 1971ರಲ್ಲಿ "ಎಷ್ಟು ಪ್ರತಿ?" ಅಂದ್ರೆ ಈ ಪುಸ್ತಕ ಯಾರ ಕೈಗೆ ಹೋಗುತ್ತೆ ಅನ್ನೋ ಪ್ರಶ್ನೆ. ಇವತ್ತು ಅದಕ್ಕೆ ಸಮ ಆಗೋದು ತಿಂಗಳಿಗೆ ಎಷ್ಟು ಜನ ನೋಡ್ತಾರೆ ಅನ್ನೋದು. ಯಾರೂ ನೋಡದ ವೆಬ್‌ಸೈಟಿಗೆ ಸಾವಿರಗಟ್ಟಲೆ ಕೇಳೋರು ಆ ಅಂಕಿನ ಸಹಿ ಮೇಲೆ ಬರೆಯೋಕೆ ಹಿಂಜರೀತಾರೆ.

ಪೀಣ್ಯದಲ್ಲಿ ನಮ್ಮ ತಮ್ಮನ ವರ್ಕ್‌ಶಾಪಿಗೂ ಇಂಥದ್ದೇ ಬಂದಿದೆ, ಈ ಕಾನೂನು ಅಲ್ಲಿ ನಡೆಯುತ್ತಾ?

ನಡೆಯಲ್ಲ, 1971ರದ್ದು ಬ್ರಿಟನ್ನಿನ ಕಾನೂನು. ವಿದೇಶದ ಮೇಳದಲ್ಲಿ ಸ್ಟಾಲ್ ಹಾಕಿದವರಿಗೆ ಮೇಳದ ಹೆಸರೇ ಇರೋ ಫಾರಂ ಬರುತ್ತೆ, "ಎಕ್ಸಿಬಿಟರ್ ವಿವರ ಸರಿ ಮಾಡಿ" ಅಂತ. ಇದರ ಬಗ್ಗೆ ಪ್ರದರ್ಶನ ಉದ್ಯಮದ ಜಾಗತಿಕ ಸಂಘ ಯುಎಫ್‌ಐ ವರ್ಷಗಳಿಂದ ಎಚ್ಚರಿಸ್ತಾ ಇದೆ. ಮೇಳ ನಡೆಸಿದ ಸಂಸ್ಥೆಗೇ ಬೇರೆ ಇಮೇಲ್ ಬರ್ದು ಕೇಳದೇ ಯಾವ ಫಾರಂಗೂ ಸೀಲು ಸಹಿ ಹಾಕಬೇಡಿ ಅಂತ ಹೇಳಿ.

ಭಾರತದಲ್ಲಿ ಡೈರೆಕ್ಟರಿ ಎಂಟ್ರಿಗೆ ಅಂತಲೇ ಸೆಕ್ಷನ್ 3ರಂಥದ್ದಿಲ್ಲ, ಸಾಮಾನ್ಯ ಕರಾರು ಕಾನೂನೇ ಗತಿ. 1872ರ ಕಾಂಟ್ರ್ಯಾಕ್ಟ್ ಆಕ್ಟಲ್ಲಿ ಸೆಕ್ಷನ್ 13 ಹೇಳುತ್ತೆ, ಇಬ್ಬರೂ ಒಂದೇ ವಿಷಯವನ್ನ ಒಂದೇ ಅರ್ಥದಲ್ಲಿ ಒಪ್ಪಿದ್ರೆ ಮಾತ್ರ ಸಮ್ಮತಿ ಅಂತ. ವಂಚನೆ 17, ತಪ್ಪು ನಿರೂಪಣೆ 18, ಅಂಥದ್ರಿಂದ ಪಡೆದ ಕರಾರನ್ನ ರದ್ದು ಮಾಡೋ ಹಕ್ಕು 19. ಇವೆಲ್ಲಾ ಗಟ್ಟಿನೇ, ಆದ್ರೆ ಸಹಿ ಹಾಕಿದ ಮೇಲೆ ಮೋಸ ಆಯ್ತು ಅಂತ ತೋರಿಸೋ ಹೊರೆ ನಿಮ್ಮ ತಮ್ಮನ ಮೇಲೆ. ಬ್ರಿಟನ್ನಲ್ಲಿ ಸರಿಯಾದ ಕಾಗದ ಇದೆ ಅಂತ ಪಬ್ಲಿಷರ್ ತೋರಿಸ್ಬೇಕು. ವ್ಯತ್ಯಾಸ ಇಷ್ಟೇ, ಆದ್ರೆ ಸಣ್ಣವರಿಗೆ ಇದೇ ಎಲ್ಲಾ.

ಇನ್ನು 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ವಾಣಿಜ್ಯ ಉದ್ದೇಶಕ್ಕೆ ಕೊಂಡವರನ್ನ ಗ್ರಾಹಕ ಅನ್ನಲ್ಲ. ಆದ್ರೆ ಸ್ವಂತ ಉದ್ಯೋಗದಿಂದ ಹೊಟ್ಟೆಪಾಡಿಗೆ ಅಂತ ಮಾತ್ರ ಕೊಂಡಿದ್ರೆ ಅವರನ್ನ ಹೊರಗಿಡಲ್ಲ ಅಂತ ಅದರಲ್ಲೇ ವಿವರಣೆ ಇದೆ, ಒಬ್ಬರೇ ನಡೆಸೋ ಟೈಲರ್, ಎಲೆಕ್ಟ್ರಿಷಿಯನ್ ಇದನ್ನ ಹಿಡ್ಕೊಂಡು ಜಿಲ್ಲಾ ಆಯೋಗಕ್ಕೆ ಹೋಗೋಕೆ ಅವಕಾಶ ಇದೆ. ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಆನ್‌ಲೈನಲ್ಲಿ ದುಡ್ಡು ಹೋಗಿದ್ರೆ ತಡ ಮಾಡದೇ ಸೈಬರ್ ವಂಚನೆ ಸಹಾಯವಾಣಿ 1930. 2023ರ ನವೆಂಬರ್ 30ರ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿಲಿ 13 ಥರದ ಆನ್‌ಲೈನ್ ಕಣ್ಕಟ್ಟನ್ನ ಹೆಸರಿಸಿದಾರೆ, ಗೊಂದಲದ ಪ್ರಶ್ನೆ ಕೇಳಿ ಒಪ್ಪಿಸ್ಕೊಳೋದೂ ಅದ್ರಲ್ಲಿದೆ, ಆ ಯೋಚನೆ ಸಣ್ಣ ಅಂಗಡಿಯವರಿಗೆ ಬರೋ ಕಾಗದದ ಫಾರಮ್ಮಿಗೂ ಬರ್ಲಿ ಅನ್ನೋದೇ ನನ್ನಾಸೆ.

ಟ್ರೇಡ್‌ಮಾರ್ಕ್ ಅರ್ಜಿ ಹಾಕಿದ ಮೇಲೆ ವಿದೇಶದ 'ರಿಜಿಸ್ಟರ್'ನಿಂದ ಬಿಲ್ ಬಂತು, ಸರ್ಕಾರದ್ದಾ?

ಅಲ್ಲದೇ ಇರೋ ಸಾಧ್ಯತೆನೇ ಜಾಸ್ತಿ. ಅರ್ಜಿಗಳು ಸಾರ್ವಜನಿಕವಾಗಿ ಪ್ರಕಟ ಆಗುತ್ವೆ, ಅಲ್ಲಿಂದ ಹೆಸರು, ಲೋಗೋ ಎತ್ಕೊಂಡು ಸರ್ಕಾರಿ ಥರದ ಹದ್ದಿನ ಮುದ್ರೆ ಹಾಕಿ ಬಿಲ್ ಕಳಿಸ್ತಾರೆ. ಜಿನೀವಾದ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ ಇಂಥ ಕಾಗದಗಳ ಮಾದರಿಗಳನ್ನೇ ತನ್ನ ಸೈಟಲ್ಲಿ ಹಾಕಿದೆ, ಹೋಲಿಸಿ ನೋಡಿ. ಅರ್ಜಿನ ಏಜೆಂಟ್ ಕೈಲಿ ಹಾಕ್ಸಿದ್ರೆ, ಬಂದ ಕಾಗದನ ಮೊದಲು ಅವರಿಗೆ ತೋರಿಸಿ ಕೇಳಿ.

ನಮ್ಮ ಎಂಪಿಗೆ ಬರೀಬೇಕು ಅಂತಿದೀನಿ, ಏನ್ ಬರೀಲಿ?

ಕಾನೂನಿನ ಭಾಷೆ ಬೇಡ. ನಿಮಗೆ ಬಂದ ಫಾರಮ್ಮಿನ ಫೋಟೋ ಹಾಕಿ, ಬೆಲೆ ಎಲ್ಲಿದೆ ಅಂತ ಒಂದು ಗುರುತು ಮಾಡಿ, ಸಹಿ ಎಲ್ಲಿದೆ ಅಂತ ಇನ್ನೊಂದು ಗುರುತು ಮಾಡಿ. ಆ ರಾತ್ರಿ ಅಂಗಡಿಲಿ ಎಷ್ಟು ಜನ ಇದ್ರಿ, ಯಾರು ಓದಿದ್ರು, ಎಷ್ಟು ಹೋಯ್ತು ಅಂತ ಬರೀರಿ. ಟ್ರೇಡಿಂಗ್ ಸ್ಟ್ಯಾಂಡರ್ಡ್ಸ್‌ಗೆ ದೂರು ಕೊಟ್ಟಿದ್ರೆ ದಿನಾಂಕ, ಏನು ಉತ್ತರ ಬಂತು ಅನ್ನೋದೂ ಇರ್ಲಿ. ಆಮೇಲೆ ಒಂದೇ ಪ್ರಶ್ನೆ ಕೇಳಿ: ಇದೇ ಕಾಗದ ನನ್ನ ಮನೆ ವಿಳಾಸಕ್ಕೆ ಬಂದಿದ್ರೆ ನಿಷೇಧದ ಪಟ್ಟಿಲಿ ಇರ್ತಿತ್ತು, ಅಂಗಡಿ ವಿಳಾಸಕ್ಕೆ ಬಂದಿದ್ದಕ್ಕೆ ಯಾಕಿಲ್ಲ? ನಿಮ್ಮ ಅಂಚೆ ಕೋಡ್ ಬರೆಯೋದು ಮರೀಬೇಡಿ, ತಮ್ಮ ಕ್ಷೇತ್ರದವರಲ್ಲದಿದ್ರೆ ಅವರು ಉತ್ತರ ಕೊಡಲ್ಲ. ಇಂಗ್ಲಿಷ್ ಸರಿ ಇದ್ಯಾ ಅನ್ನೋ ಅಳುಕಿದ್ರೆ ಕಳಿಸೋ ಮುಂಚೆ ನನಗೆ ತೋರಿಸಿ, ಓದಿ ಕೊಡ್ತೀನಿ.